ಅಗ್ಗವಣಿ ಹೊರುವವನ ಹಿಂದೆ

ಹೊಳೆದಂಡೆಯ ಆ ಆಶ್ರಮದಲ್ಲಿ ಅಗ್ಗವಣಿ ಹೊರುವವನು ಹಿಂತಿರುಗಿ ನೋಡುವಂತಿರಲಿಲ್ಲ.

ಅಗ್ಗವಣಿಯೆಂದರೆ ಪೂಜೆಗೆ ತರುವ ನೀರು. ಬೆಳಕು ಹರಿಯುವ ಮುಂಚೆ ಹೊಳೆಯಲ್ಲಿ ಮುಳುಗು ಹಾಕಬೇಕು. ಒದ್ದೆ ಬಟ್ಟೆಯಲ್ಲೇ ಮಣ್ಣಿನ ಕೊಡ ತುಂಬಿಸಿ, ತಲೆಗೆ ಬಟ್ಟೆಯ ಸಿಂಬೆಯಿಟ್ಟು, ಸಿಂಬೆಯ ಮೇಲೆ ಕೊಡ ಹೊತ್ತು, ಮೆಟ್ಟಿಲು ಹತ್ತಿ, ಗದ್ದುಗೆಯ ಹೊಸ್ತಿಲಲ್ಲಿ ಇಳಿಸಬೇಕು. ನಡುವೆ ಮಾತಾಡುವಂತಿಲ್ಲ. ಹಿಂದೆ ತಿರುಗುವಂತಿಲ್ಲ. ತಿರುಗಿದರೆ ಆ ನೀರು ಬಾಳೆಯ ಬುಡಕ್ಕೆ.

ಹಾಲಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ಈ ಸೇವೆಗೆ ನಿಂತವನು. ಈಗ ಮೀಸೆ ಬೆಳ್ಳಗಾಗಿತ್ತು. ಸಿಂಬೆ ಕೂರುವ ಜಾಗದಲ್ಲಿ ಕೂದಲು ಹೋಗಿ ನೆತ್ತಿ ನುಣ್ಣಗಾಗಿತ್ತು.

ಆಶ್ರಮದಲ್ಲಿ ಊಟದ ಪಂಕ್ತಿ ಸೇವೆಯನ್ನು ನೋಡಿ ಹಾಕುವುದು. ಗಂಟೆಯವನಿಗೊಂದು ಜಾಗ, ಪತ್ರೆ ತರುವವನಿಗೊಂದು ಜಾಗ, ಅಗ್ಗವಣಿಯವನಿಗೆ ಗುರುಗಳ ಎಡಕ್ಕೆ. ಸೇವೆ ಹೋದವನಿಗೆ ಎಲೆಯಿಲ್ಲ. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಬೇರೆ ಅನ್ನ ಹುಡುಕಿಕೊಳ್ಳಬೇಕು. ಕಟ್ಟಳೆ ಮಾಡಿದವರು ಯಾರೋ ಗೊತ್ತಿಲ್ಲ. ಮುರಿದವರು ಮಾತ್ರ ಯಾರೂ ಇರಲಿಲ್ಲ.

ಹಾಲಪ್ಪನಿಗೆ ನೀರು ಹೊರುವುದು ಬಿಟ್ಟು ಬೇರೆ ಕೆಲಸ ಬರುತ್ತಿರಲಿಲ್ಲ. ಬರಬೇಕು ಎಂದು ಅನ್ನಿಸಿಯೂ ಇರಲಿಲ್ಲ.

ಮಳೆಗಾಲ ಮುಗಿಯುತ್ತ ಬಂದಾಗ, ಒಂದು ಬೆಳಗು, ಹುಣಸೆಮರದ ತಿರುವಿನಲ್ಲಿ ಅವನ ಮೊಣಕಾಲು ಮಡಚಿಕೊಂಡಿತು. ಕೊಡ ಬಿದ್ದು ಒಡೆಯಿತು.

ಅವನು ಬೈಗುಳಕ್ಕೆ ಕಾದ. ಅಡುಗೆಮನೆಯ ಕೊಟ್ರಮ್ಮನ ನಾಲಗೆ ಆಚೆ ದಡದವರಿಗೂ ಪರಿಚಯ. ನಾಲ್ಕು ಹನಿ ತುಳುಕಿದರೆ ಸಾಕು, ಹೊಳೆಯೇನು ನಿಮ್ಮಪ್ಪ ತೋಡಿಸಿದ್ದೇನೋ ಎಂದು ಶುರು ಮಾಡುವವಳು.

ಆ ದಿನ ಅವಳು ಓಡಿ ಬಂದು, ಸುಮ್ಮನೆ ಒಡೆದ ಕೊಡದ ಬೋಕಿಗಳನ್ನು ಗುಡಿಸಿದಳು.

"ಕೂತ್ಕೊಳ್ಳಿ ಹಾಲಪ್ಪನೋರೆ. ನಿಮಗೇನೂ ಪೆಟ್ಟಾಗಲಿಲ್ಲ ತಾನೆ?"

ಅವಳ ಬಾಯಲ್ಲಿ ಬಹುವಚನ ಬಂದದ್ದು ಅದೇ ಮೊದಲು. ಅಂತೂ ಈ ಹೆಂಗಸಿಗೆ ಮರ್ಯಾದೆ ಕೊಡುವುದು ಗೊತ್ತಾಯಿತಲ್ಲ ಎಂದು ಹಾಲಪ್ಪನಿಗೆ ಸಂತೋಷವಾಯಿತು.

ಪ್ರತಿ ವರ್ಷ ಕಾರ್ತಿಕದ ಪೂಜೆಗೆ ಮುಂಚೆ ಎಲ್ಲರೂ ಅವನನ್ನು ಕೇಳುತ್ತಿದ್ದರು: ನೀರು ಎಷ್ಟು ಇಳಿದಿದೆ, ಯಾವ ಮೆಟ್ಟಿಲು ಪಾಚಿ ಕಟ್ಟಿದೆ, ಎಷ್ಟು ಕೊಡ ಬೇಕಾದೀತು. ಈ ಸಲ ಯಾರೂ ಕೇಳಲಿಲ್ಲ. ತಲೆನೋವು ಕಡಿಮೆಯಾಯಿತು ಎಂದುಕೊಂಡ.

ಆಮೇಲೆ ಹೆಜ್ಜೆ ಕೇಳತೊಡಗಿತು.

ಮೊದಲ ದಿನ ಮಂಜು ಹೊಳೆಯ ಮೇಲೆ ಕಂಬಳಿ ಹೊದಿಸಿದಂತಿತ್ತು. ಹಾಲಪ್ಪ ಮೆಟ್ಟಿಲು ಹತ್ತುತ್ತಿದ್ದ. ಹಿಂದೆ ಒದ್ದೆ ಪಾದ ಕಲ್ಲಿಗೆ ಅಂಟಿ ಬಿಡುವ ಸದ್ದು.

ಅವನು ನಿಂತ. ಅದೂ ನಿಂತಿತು.

ಅವನು ನಡೆದ. ಅದೂ ನಡೆಯಿತು. ಜೊತೆಗೆ ಇನ್ನೊಂದು ಸದ್ದು: ಕೊಡದೊಳಗೆ ನೀರು ಹೊರಳುವ ಸದ್ದು. ಅದು ಅವನ ಕೊಡದ್ದಲ್ಲ. ತನ್ನ ನೀರಿನ ದನಿ ಅವನಿಗೆ ಗೊತ್ತಿತ್ತು.

ಹಿಂದೆ ತಿರುಗುವಂತಿಲ್ಲವಲ್ಲ. ಅವನು ಹೊಸ್ತಿಲಲ್ಲಿ ಕೊಡ ಇಳಿಸಿದವನೇ ಬಲಗಡೆಯ ಸಣ್ಣ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿ ಒಲೆಯ ಮುಂದೆ ಕೂತುಬಿಟ್ಟ.

ಮರುದಿನವೂ ಕೇಳಿಸಿತು. ಅದರ ಮರುದಿನವೂ.

ಒಂದು ಬೆಳಗು ಗೂಟದಿಂದ ಸಿಂಬೆ ತೆಗೆದುಕೊಂಡರೆ ಅದು ಆಗಲೇ ಒದ್ದೆಯಾಗಿತ್ತು. ಅಷ್ಟೇ ಆಗಿದ್ದರೆ ಇಬ್ಬನಿ ಎನ್ನಬಹುದಿತ್ತು. ಅದು ಬೆಚ್ಚಗೂ ಇತ್ತು, ಈಗಷ್ಟೇ ಯಾರದೋ ತಲೆಯಿಂದ ಇಳಿದ ಹಾಗೆ.

ಹಾಲಪ್ಪ ಯಾರಿಗೂ ಹೇಳಲಿಲ್ಲ. ನಡಿಗೆ ಮಾತ್ರ ಬಿರುಸಾಯಿತು. ಮೊಣಕಾಲು ನೋಯುತ್ತಿತ್ತು, ಆದರೂ ಅಷ್ಟು ಬೇಗ ಅವನು ಎಂದೂ ನೀರು ತಂದಿರಲಿಲ್ಲ.

ಕಡೆಗೆ ತಡೆಯಲಾರದೆ ಗುರುಗಳ ಬಳಿ ಹೋದ. ಅವರು ದಂಡೆಯ ಕಲ್ಲಿನ ಮೇಲೆ ಕೂತು ಹಳೆಯ ಕಂಬಳಿಗೆ ತೇಪೆ ಹಾಕುತ್ತಿದ್ದರು.

"ಬುದ್ಧಿ, ನನ್ನ ಹಿಂದೆ ಯಾರೋ ಬರ್ತಾರೆ."

"ಯಾರು?"

"ನೋಡಿಲ್ಲ ಬುದ್ಧಿ. ನೋಡಬಾರದಲ್ಲ."

"ಕೊಡ ತಲೆಯ ಮೇಲಿದ್ದಾಗ ನೋಡಬಾರದು. ಇಳಿಸಿದ ಮೇಲೆ?"

ಹಾಲಪ್ಪ ಕಂಬಳಿಯ ತೇಪೆಯನ್ನೇ ನೋಡಿದ. ಸೂಜಿ ಕಂಬಳಿಯೊಳಗೆ ಹೋಗಿ ಹೊರಗೆ ಬಂತು.

ತನ್ನ ಅನುಮಾನವನ್ನು ಅವನೇ ಹೇಳಿದ. ಅದು ಮುರಿಗಯ್ಯನಿರಬೇಕು. ಹಾಲಪ್ಪನಿಗಿಂತ ಮೊದಲು ಅಗ್ಗವಣಿ ಹೊರುತ್ತಿದ್ದವನು ಮುರಿಗಯ್ಯ. ಸೇವೆ ಬಿಟ್ಟುಕೊಟ್ಟ ದಿನ ಅವನು ಪಂಕ್ತಿಗೂ ಬಾರದೆ ಮೆಟ್ಟಿಲಿಳಿದು ಹೊಳೆಯ ಕಡೆ ಹೋಗಿದ್ದ. ಕಡೆಯ ಮೆಟ್ಟಿಲ ಮೇಲೆ ಅವನ ಒಣಬಟ್ಟೆ ಮಡಿಸಿಟ್ಟಿತ್ತು. ಅವನನ್ನು ಮತ್ತೆ ಯಾರೂ ಕಂಡಿರಲಿಲ್ಲ.

"ಸೇವೆಯ ಮೇಲೆ ಆಸೆ ಉಳಿದುಬಿಟ್ಟಿದೆ ಬುದ್ಧಿ. ಅದಕ್ಕೇ ಕೊಡ ಹೊತ್ತು ಬರ್ತಾನೆ."

ಗುರುಗಳು ದಾರವನ್ನು ಹಲ್ಲಿನಿಂದ ಕಡಿದರು.

"ಮುರಿಗಯ್ಯನ ಹಿಂದೆ ಯಾರು ಬರುತ್ತಿದ್ದರು?"

"ಅವನ ಹಿಂದೆ ಯಾರಿದ್ರು ಬುದ್ಧಿ? ಯಾರೂ ಇಲ್ಲ."

"ಹೌದೆ?" ಎಂದರು. ಆಮೇಲೆ ಕಾರ್ತಿಕಕ್ಕೆ ಕೊಡ ಹೇಳಿದ್ದೇವೆ, ತಿಪ್ಪವ್ವನ ಆವಿಗೆ ಬೆಂದಿದೆಯೋ ಏನೋ ನೋಡಿಕೊಂಡು ಬಾ ಎಂದು ಕಳಿಸಿದರು.

ತಿಪ್ಪವ್ವ ಹೊಳೆಯ ತಿರುವಿನಲ್ಲಿದ್ದ ಕುಂಬಾರಗಿತ್ತಿ. ಗಂಡ ಇಲ್ಲ, ಮಕ್ಕಳಿಲ್ಲ. ಆಶ್ರಮದ ಕೊಡಗಳೆಲ್ಲ ಅವಳ ಕೈಯವೇ. ಹಾಲಪ್ಪ ಹೋದಾಗ ಕೊಡ ಸುಡುವ ಆವಿಗೆಯ ಬೂದಿ ಕೆದಕುತ್ತಿದ್ದಳು.

ಎರಡು ಕೊಡ ಮುಂದಿಟ್ಟಳು. ಅವನು ಬೆರಳಿನಿಂದ ತಟ್ಟಿ ನೋಡಿ ಒಂದನ್ನು ಎತ್ತಿಕೊಂಡ.

"ಇನ್ನೊಂದೂ ತಗೊಂಡು ಹೋಗು," ಅಂದಳು.

"ಯಾರಿಗೆ?"

"ನನಗೇನು ಗೊತ್ತು. ಎರಡು ಮಾಡು ಅಂತ ಹೇಳಿ ಕಳಿಸಿದರು, ಮಾಡಿದೆ. ನಾನೂ ಅದನ್ನೇ ಯೋಚನೆ ಮಾಡ್ತಿದ್ದೆ. ನಿನಗೆ ತಲೆ ಒಂದೇ ಅಲ್ವೇನೋ ಇರೋದು?"

ಅವಳು ನಕ್ಕಳು. ಹಾಲಪ್ಪ ನಗಲಿಲ್ಲ.

ಕಂಕುಳಲ್ಲೊಂದು, ತಲೆಯ ಮೇಲೊಂದು ಕೊಡ ಇಟ್ಟುಕೊಂಡು ವಾಪಸು ಬರುವಾಗ, ನಡುಹಗಲಿನಲ್ಲಿ, ಹುಣಸೆಮರದ ಕೆಳಗೆ ಅವನಿಗೆ ನೆನಪಾಯಿತು.

ಮುರಿಗಯ್ಯನ ಹಿಂದೆ ತಾನೇ ನಡೆದಿದ್ದ.

ಆಗ ಅವನು ಹುಡುಗ. ಈಗಿನ ಗುರುಗಳಿಗೂ ಆಗ ಕಪ್ಪು ಗಡ್ಡ. ಹಳಬನ ಹಿಂದೆ ನಡೆದು ದಾರಿ ಕಲಿಯಬೇಕು, ಅವನು ನಿಂತರೆ ನಿಲ್ಲಬೇಕು, ಅವನಾಗಿ ಹಿಂತಿರುಗುವ ತನಕ ಎದುರಿಗೆ ಹೋಗಬಾರದು ಎಂದು ಅವರು ಹೇಳಿದ್ದರು. ಹಾಲಪ್ಪನಿಗೆ ಅದು ಆಟದಂತಿತ್ತು. ಹಳಬನ ಒದ್ದೆ ಹೆಜ್ಜೆಯಲ್ಲೇ ತನ್ನ ಹೆಜ್ಜೆ ಇಡುತ್ತಿದ್ದ. ಆ ದಿನಗಳಲ್ಲಿ ಮುರಿಗಯ್ಯ ದಿನದಿಂದ ದಿನಕ್ಕೆ ಬಿರುಸಾಗಿ ನಡೆಯುತ್ತಿದ್ದ. ಈ ವಯಸ್ಸಿನಲ್ಲೂ ಎಂಥ ಕಸುವು ಎಂದು ಹುಡುಗ ಬೆರಗಾಗಿದ್ದ.

ಹಾಲಪ್ಪ ಕೊಡಗಳನ್ನು ಕೆಳಗಿಟ್ಟು ಬೇರಿನ ಮೇಲೆ ಕೂತುಕೊಂಡ.

ಮರುದಿನ ಬೆಳಗು ಹೆಜ್ಜೆ ಅವನ ಜೊತೆಗೇ ಮೆಟ್ಟಿಲು ಹತ್ತಿತು. ಅವನು ಬಿರುಸಾಗಿ ನಡೆಯಲಿಲ್ಲ. ಹೊಸ್ತಿಲಲ್ಲಿ ಕೊಡ ಇಳಿಸಿದ. ಸಣ್ಣ ಬಾಗಿಲು ತೆರೆದೇ ಇತ್ತು. ಒಳಗೆ ಒಲೆಯ ಬೆಳಕು ಕಾಣುತ್ತಿತ್ತು.

ಅವನು ತಿರುಗಿದ.

ಮಂಜಿನಲ್ಲಿ ಓಂಕಾರಿ ನಿಂತಿದ್ದ. ಪತ್ರೆ ತರುವ ಓಂಕಾರಿ. ಗಟ್ಟಿ ಆಳು, ಕಪ್ಪು ಮೀಸೆ. ಅವನ ತಲೆಯ ಮೇಲೊಂದು ಕೊಡ. ಮೈಯಿಂದ ನೀರು ಇಳಿಯುತ್ತಿತ್ತು. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅವನ ಮುಖ ಬಿಳಿಚಿಕೊಂಡಿತ್ತು.

"ನಾನಾಗಿ ಬಂದಿದ್ದಲ್ಲ ಹಾಲಪ್ಪಣ್ಣ. ಬುದ್ಧಿ ಹೇಳಿದ್ರು."

ಹಾಲಪ್ಪನ ಕೈ ಆ ಕೊಡವನ್ನು ಕೆಡವಲು ಮೇಲೆದ್ದಿತ್ತು. ಕೈಯನ್ನು ಅವನೇ ಕೆಳಗಿಳಿಸಿದ.

"ನನ್ನ ಸಿಂಬೆ ಯಾಕೆ ಮುಟ್ಟಿದೆ?"

"ಆಣೆಗೂ ಮುಟ್ಟಿಲ್ಲ ಅಣ್ಣ. ನನ್ನದು ನಾನೇ ಸುತ್ತಿಕೊಂಡಿದ್ದೀನಿ, ನೋಡು."

"ಎಷ್ಟು ದಿನ ಆಯ್ತು ಬರೋಕೆ ಶುರು ಮಾಡಿ?"

"ಹೋದ ಸೋಮವಾರದಿಂದ."

ಹಾಲಪ್ಪ ಹೆಜ್ಜೆ ಕೇಳತೊಡಗಿ ತಿಂಗಳ ಮೇಲಾಗಿತ್ತು. ಅವನು ಓಂಕಾರಿಯ ಹೆಗಲಾಚೆ ಮೆಟ್ಟಿಲುಗಳತ್ತ ನೋಡಿದ. ಮಂಜು ಬಿಟ್ಟು ಏನೂ ಇರಲಿಲ್ಲ.

ಒದ್ದೆ ಬಟ್ಟೆಯಲ್ಲೇ ಗುರುಗಳ ಮುಂದೆ ಹೋಗಿ ನಿಂತ. ಇಷ್ಟು ವರ್ಷ ದುಡಿಸಿಕೊಂಡು ಬೆನ್ನ ಹಿಂದೆ ಆಳು ಬಿಡುವುದು ಯಾವ ಧರ್ಮ, ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ.

ಗುರುಗಳು ಪೂರ್ತಿ ಕೇಳಿದರು.

"ಕೊಡ ಒಡೆದ ದಿನ ಕೊಟ್ರಮ್ಮ ಬೈದಳೇ?"

"ಇಲ್ಲ."

"ನೀನು ಏನೆಂದುಕೊಂಡೆ?"

"ಮರ್ಯಾದೆ ಕೊಟ್ಟಳು ಅಂತ."

"ಕಾರ್ತಿಕದ ನೀರಿನ ಲೆಕ್ಕ ಯಾರಾದರೂ ಕೇಳಿದರೇ?"

"ಇಲ್ಲ. ತಲೆನೋವು ಕಡಿಮೆಯಾಯಿತು ಅಂದುಕೊಂಡೆ."

"ಮೊಣಕಾಲು?"

ಹಾಲಪ್ಪ ತಲೆ ತಗ್ಗಿಸಿದ. ಮೊಣಕಾಲು ಕಳೆದ ಬೇಸಗೆಯಿಂದಲೇ ಹೇಳುತ್ತಿತ್ತು. ಅವನು ಬೇವಿನೆಣ್ಣೆ ಹಚ್ಚಿ ಅದರ ಬಾಯಿ ಮುಚ್ಚಿಸಿದ್ದ.

"ಎಲ್ಲರೂ ನಿನಗೆ ಹೇಳಿದರು," ಗುರುಗಳೆಂದರು. "ನಿನ್ನ ಕಾಲೂ ಹೇಳಿತು. ಇನ್ನು ನನ್ನ ಬಾಯಿಂದಲೂ ಬರಬೇಕಿತ್ತೇ?"

"ಮುರಿಗಯ್ಯನಿಗೂ ಹೀಗೇ ಆಯಿತಾ ಬುದ್ಧಿ?"

"ಅವನಿಗೂ ಕೇಳಿಸುತ್ತಿತ್ತು. ನಡಿಗೆ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಅವನು ತಿರುಗಲಿಲ್ಲ. ನನ್ನನ್ನು ಬಂದು ಕೇಳಲೂ ಇಲ್ಲ. ಕಾರ್ತಿಕದ ಮೊದಲ ಸೋಮವಾರದ ತನಕ ಓಡಿದ. ಆಮೇಲೆ ಓಡುವುದಕ್ಕೆ ಹೊಳೆ ಒಂದೇ ಉಳಿದಿತ್ತು."

ಹಾಲಪ್ಪ ಒದ್ದೆ ಬಟ್ಟೆಯ ಅಂಚು ಹಿಂಡಿದ.

"ಓಂಕಾರಿ ಬರ್ತಿರೋದು ಹೋದ ಸೋಮವಾರದಿಂದ ಅಂತೆ ಬುದ್ಧಿ. ಅದಕ್ಕೂ ಮುಂಚೆ ಬರ್ತಿದ್ದದ್ದು ಯಾರು?"

ಗುರುಗಳು ಹೊಳೆಯ ಕಡೆ ನೋಡಿದರು.

"ನಾನು ಈಗ ಏನು ಮಾಡಲಿ?"

"ಕಾರ್ತಿಕಕ್ಕೆ ಇನ್ನೂ ದಿನವಿದೆ. ನೀರು ತಂದ ಮೇಲೆ ಹಗಲು ಪೂರ್ತಿ ಒಲೆಯ ಮುಂದೆ ಕೂರುತ್ತೀಯ. ಅಷ್ಟು ಹೊತ್ತು ನೀನು ಯಾರ ಹಿಂದೆ ನಡೆಯಬಲ್ಲೆ, ಯೋಚಿಸು."

ಅವನಿಗೆ ಹೊಳೆದದ್ದು ಒಂದೇ ಹೆಸರು. ಬದುಕಿಡೀ ಕೊಡ ಹೊತ್ತವನಿಗೆ ಮಣ್ಣಿನ ಪರಿಚಯವಾದರೂ ಇದ್ದೀತು.

ಆ ಮಧ್ಯಾಹ್ನ ತಿಪ್ಪವ್ವ ಬುಟ್ಟಿ ಹಿಡಿದು ಹೊಳೆಯ ಅಂಚಿಗೆ ಜೇಡಿಮಣ್ಣು ತರಲು ಹೊರಟಿದ್ದಳು. ಹೇಗೆ ಕೇಳುವುದೆಂದು ತಿಳಿಯದೆ ಹಾಲಪ್ಪ ಸದ್ದಿಲ್ಲದೆ ಅವಳ ಹಿಂದೆ ನಡೆದ. ಅವಳು ನಿಂತಾಗ ನಿಂತ.

ಅವಳು ತಿರುಗದೆ ದೊಡ್ಡ ದನಿಯಲ್ಲಿ ಹೇಳಿದಳು: "ಯಾವನೋ ಅದು ಹಿಂದೆ? ದೆವ್ವ ಆದರೆ ಬಂದು ಬುಟ್ಟಿ ಹೊರು. ಮನುಷ್ಯ ಆದರೆ ಮುಂದೆ ಬಂದು ಮಾತಾಡು."

ಹಾಲಪ್ಪನಿಗೆ ನಾಚಿಕೆಯಾಯಿತು. ಮುಂದೆ ಹೋಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸೇವೆ ಹೋಗುತ್ತಿದೆ, ಪಂಕ್ತಿಯಲ್ಲಿ ಜಾಗ ಹೋಗುತ್ತಿದೆ, ಕೆಲಸ ಕಲಿಸು ಎಂದ. ತನಗೆ ಕೊಡ ಎಂದರೆ ಏನೆಂದು ಗೊತ್ತು ಎಂದೂ ಸೇರಿಸಿದ.

"ಹೌದಪ್ಪ, ಗೊತ್ತು. ಉಣ್ಣುವ ಅಳಿಯನಿಗೆ ಅಡುಗೆ ಗೊತ್ತಿರೋ ಹಾಗೆ," ಎಂದು ಬುಟ್ಟಿಯನ್ನು ಅವನ ತಲೆಗೆ ಏರಿಸಿದಳು.

ಜೇಡಿ ತುಳಿಯುವುದು ನೀರು ಹೊರುವುದಕ್ಕಿಂತ ಕಷ್ಟವಾಗಿತ್ತು. ಮೊಣಕಾಲಿಗೆ ಅದು ಆಗದು ಎಂದು ಕಂಡು ತಿಪ್ಪವ್ವ ಅವನನ್ನು ಕೂರಿಸಿ ಕೈಗೆ ಕೆಲಸ ಕೊಟ್ಟಳು: ಹಸಿ ಕೊಡದ ಒಳಗೆ ಕಲ್ಲು ಹಿಡಿದು, ಹೊರಗೆ ಹಲಗೆಯಿಂದ ತಟ್ಟಿ, ಮೈ ತೆಳುವಾಗಿಸುವುದು. ಮೊದಲನೆಯದು ತೂತಾಯಿತು. ಅದರ ಮುಂದಿನದು ಒಂದು ಕಡೆ ಸೊಟ್ಟಗಾಗಿ, ಬಾವು ಬಂದ ಕೆನ್ನೆಯಂತಾಯಿತು. ಅದಕ್ಕೆ ಅವಳು ಹಾಲಪ್ಪ ಎಂದೇ ಹೆಸರಿಟ್ಟಳು.

ಅವಳ ಬಾಯಿ ಕೊಟ್ರಮ್ಮನ ಹಳೆಯ ಬಾಯಿಯ ಹಾಗೇ ಇತ್ತು. ಬೈಗುಳ ಕೇಳಿದಾಗಲೆಲ್ಲ ಅವನಿಗೆ ಜೀವ ಬಂದಂತಾಗುತ್ತಿತ್ತು.

ಒಂದು ಸಂಜೆ ಅವನು ಅವಳನ್ನು ಕೇಳಿದ, ಇಷ್ಟು ವರ್ಷ ಒಬ್ಬಳೇ ಮಣ್ಣಿಗೆ ಹೋಗಿ ಬರುತ್ತೀಯಲ್ಲ, ನಿನಗೆ ಯಾವತ್ತಾದರೂ ಹಿಂದೆ ಹೆಜ್ಜೆ ಕೇಳಿಸಿದೆಯೇ ಎಂದು.

ಅವಳು ಹಲಗೆ ಕೆಳಗಿಟ್ಟಳು.

"ಇಲ್ಲ. ನನ್ನ ಹೆದರಿಕೆ ಅದೇ ಆಗಿತ್ತು. ಕಣ್ಣು ಮಂಜಾಗ್ತಿದೆ, ಹಿಂದೆ ಯಾರೂ ಬರ್ತಿಲ್ಲ ಅಂತ."

ಕಾರ್ತಿಕದ ಮೊದಲ ಸೋಮವಾರ ಬಂತು. ಹಾಲಪ್ಪ ಕಡೆಯ ಕೊಡ ತಂದು ಹೊಸ್ತಿಲಲ್ಲಿ ಇಳಿಸಿದ. ತಿರುಗಿದ. ಓಂಕಾರಿ ತನ್ನ ಕೊಡ ಇಳಿಸಿ ನಿಂತಿದ್ದ. ಹಾಲಪ್ಪ ತನ್ನ ಸಿಂಬೆಯನ್ನು ತೆಗೆದು ಅವನ ತಲೆಗಿಟ್ಟು, ಅಲುಗಾಡದಂತೆ ಒತ್ತಿದ.

"ಹುಣಸೆಮರದ ತಿರುವಿನಲ್ಲಿ ಎಡಗಾಲು ಮೊದಲು ಇಡು. ಅಲ್ಲಿ ಕಲ್ಲು ವಾಲಿದೆ."

"ಆಗಲಿ ಅಣ್ಣ."

"ಕೊಟ್ರಮ್ಮ ಬೈದರೆ ಬೇಜಾರು ಮಾಡಿಕೊಳ್ಳಬೇಡ. ಬೈಯದಿದ್ದರೆ ನೋಡು."

ಆ ಮಧ್ಯಾಹ್ನ ಪಂಕ್ತಿಯಲ್ಲಿ ಗುರುಗಳ ಎಡಕ್ಕೆ ಓಂಕಾರಿ ಕೂತ. ಹಾಲಪ್ಪ ಗುರುಗಳ ಕಾಲು ಮುಟ್ಟಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದ. ಎಲ್ಲರೂ ಊಟ ನಿಲ್ಲಿಸಿ ಅವನನ್ನೇ ನೋಡುತ್ತಿದ್ದರು. ಅವನು ಕಡೆಯ ಮೆಟ್ಟಿಲಿನ ತನಕ ಹೋದ. ಅಲ್ಲಿ ನಿಂತ. ನೀರು ಕಪ್ಪಗೆ, ಅಲುಗದೆ ಇತ್ತು. ಅದರ ತಳದಿಂದ ಯಾರೋ ಎಡೆ ಬಿಡದೆ ನೋಡುತ್ತಿರುವಂತೆ ಅವನಿಗೆ ಅನ್ನಿಸಿತು.

ಆಮೇಲೆ ಅವನು ಬಲಕ್ಕೆ ತಿರುಗಿ ದಂಡೆ ಹಿಡಿದು ತಿಪ್ಪವ್ವನ ಗುಡಿಸಲಿನ ಕಡೆ ನಡೆದ.

ಮರುದಿನ ಬೆಳಕು ಹರಿಯುವ ಮುಂಚೆಯೇ ಅವರು ಆವಿಗೆಗೆ ಬೆಂಕಿ ಕೊಟ್ಟರು. ಹೊತ್ತೇರುವ ತನಕ ಹಾಲಪ್ಪ ಅದರ ಹತ್ತಿರದಿಂದ ಕದಲಲಿಲ್ಲ. ಬಿಸಿಲೇರಿದ ಮೇಲೆ ಮೊದಲೇ ಬೆಂದಿದ್ದ ಕೊಡಗಳನ್ನು ಕೊಡಲು ಆಶ್ರಮಕ್ಕೆ ಬಂದ. ಅವುಗಳಲ್ಲಿ ಒಂದು ಅವನ ಕೈಯದು. ಸ್ವಲ್ಪ ವಾಲಿತ್ತು, ಆದರೆ ನೀರು ನಿಲ್ಲುತ್ತಿತ್ತು.

ಗುರುಗಳು ಅದನ್ನು ತಟ್ಟಿ ನೋಡುತ್ತಿದ್ದಾಗ ಓಂಕಾರಿ ಬಂದ. ಒಣಬಟ್ಟೆ ಉಟ್ಟಿದ್ದರೂ ನಡುಗುತ್ತಿದ್ದ.

"ಇವತ್ತು ನನ್ನ ಹಿಂದೆ ಯಾಕೆ ಬಂದೆ ಹಾಲಪ್ಪಣ್ಣ?"

"ನಾನು ಬರಲಿಲ್ಲವಲ್ಲ. ಬೆಳಗಿನಿಂದ ಆವಿಗೆ ಮುಂದೆ ಇದ್ದೆ. ಬೇಕಾದರೆ ತಿಪ್ಪವ್ವನ್ನ ಕೇಳು."

ಓಂಕಾರಿ ಅವನನ್ನು ನೋಡಿದ, ಗುರುಗಳನ್ನು ನೋಡಿದ.

"ನಾನು ನಿಂತರೆ ನಿಲ್ಲುತ್ತಿತ್ತು ಬುದ್ಧಿ. ಹೊಸ್ತಿಲಲ್ಲಿ ತಿರುಗಿ ನೋಡಿದೆ, ಯಾರೂ ಇರಲಿಲ್ಲ. ಸಿಂಬೆ ಕೂಡ, ನಾನು ಗೂಟದಿಂದ ತೆಗೆಯೋ ಮೊದಲೇ ಬೆಚ್ಚಗಿತ್ತು."

ಗುರುಗಳು ಕೊಡವನ್ನು ನೆಲಕ್ಕಿಟ್ಟರು.

"ಮೊದಲ ದಿನವೇ ಕೇಳಿಸಿತೇ?"

"ಹೌದು ಬುದ್ಧಿ."

"ಒಳ್ಳೆಯದಾಯಿತು. ಇವನಿಗೆ ಬಹಳ ತಡವಾಗಿ ಕೇಳಿಸಿತು."